ಮಣೆ ಯಾರದು

ಸಾವಿರದ ಒಂಬೈನೂರ ಅರವತ್ತಮೂರನೆಯ ಇಸವಿಯಲ್ಲಿ ಮೈಸೂರು ಸರ್ಕಾರದ ಮುಂದೆ ಅನೇಕ ಗಹನವಾದ ಪ್ರಶ್ನೆಗಳಿದ್ದವು. ಅವುಗಳಲ್ಲೆಲ್ಲ ಗಹನವಾದದ್ದು, ಸಾರಕ್ಕಿಯ ಕೆಳಗೇರಿಯಲ್ಲಿ ಮುನಿಲಕ್ಷ್ಮಮ್ಮ ಎಂಬ ಹೆಂಗಸಿನ ಗುಡಿಸಿಲಲ್ಲಿದ್ದ ಹಲಸಿನ ಮಣೆ ಯಾರದು ಎಂಬುದು. ಮಣೆ ಎರಡು ಮೊಳ ಉದ್ದ, ಒಂದು ಮೊಳ ಅಗಲ. ಒಂದು ಮೂಲೆಯಲ್ಲಿ ಮರದ ಗಂಟು. ಈ ಪ್ರಶ್ನೆಯನ್ನು ಇತ್ಯರ್ಥ ಮಾಡಲು ಒಬ್ಬ ಕಾರ್ಮಿಕ ಅಧಿಕಾರಿ, ಒಬ್ಬ ಸಬ್ ಇನ್ಸ್‌ಪೆಕ್ಟರು, ಇಬ್ಬರು ವಕೀಲರು ಮತ್ತು ಒಬ್ಬ ಮ್ಯಾಜಿಸ್ಟ್ರೇಟರು ಬೇಕಾದರು. ನಡುವೆ ಒಂದು ಕೈ, ಒಂದು ಕಾಲು ಮುರಿದವು. ಅವು ಯಾರವು ಎಂಬ ಬಗ್ಗೆ ಯಾರಿಗೂ ಸಂಶಯ ಇರಲಿಲ್ಲವಾದ್ದರಿಂದ ಅವುಗಳ ಮೇಲೆ ಸರ್ಕಾರ ಹೆಚ್ಚು ಕಾಗದ ಖರ್ಚು ಮಾಡಲಿಲ್ಲ.

ಮೊದಲು ಮುರಿದದ್ದು ಕೈ.

“ಬಿಡೇ ಲೌಡಿ, ಬಿಡೇ ಕಟ್ಟ,” ಎಂದ ಗಂಗಾಧರಯ್ಯ.

“ಬುಡಾಕಿಲ್ಲ ಬುದ್ಧಿ.”

ಅಕ್ಕಯಮ್ಮ ಗಂಗಾಧರಯ್ಯನ ಅಂಗಳದಲ್ಲಿ ಮೊಣಕಾಲೂರಿ ಕೂತಿದ್ದಳು. ಸಾವಿರ ಊದುಬತ್ತಿಯ ಕಟ್ಟು ನೆಲದ ಮೇಲಿತ್ತು. ಅದರ ಮೇಲೆ ಅವಳ ಬಲಗೈ ಇತ್ತು. ಇಪ್ಪತ್ತೆರಡು ವರ್ಷದ ಹುಡುಗಿ; ಕೇರಿಯಲ್ಲಿ ಅವಳಷ್ಟು ತೆಳ್ಳಗೆ, ಅವಳಷ್ಟು ಬೇಗ ಮಣೆಯ ಮೇಲೆ ಬಿದಿರ ಕಡ್ಡಿಗೆ ಇದ್ದಿಲ ಹಿಟ್ಟು ಉಜ್ಜುವವರು ಇರಲಿಲ್ಲ. ಅವಳ ಹಿಂದೆ ಅವಳ ಓರಗಿತ್ತಿ ಮುನಿಲಕ್ಷ್ಮಮ್ಮ ತನ್ನ ಕಟ್ಟು ಹಿಡಿದು ಸರದಿಯಲ್ಲಿ ನಿಂತಿದ್ದಳು. ಮಂಗಳವಾರ ಕಟ್ಟು ಒಪ್ಪಿಸುವ ದಿನ. ಗಂಗಾಧರಯ್ಯನ ಆಳು ಬೈರಣ್ಣ “ಲಾಭಾ, ಎರಡು, ಮೂರು” ಎಂದು ಕಟ್ಟುಗಳನ್ನು ಎಣಿಸಿ ಒಳಗೆ ಎಸೆಯುತ್ತಿದ್ದವನು ಈಗ ಎಣಿಕೆ ನಿಲ್ಲಿಸಿ ತಮಾಷೆ ನೋಡುತ್ತಿದ್ದ. ಕಾಳು ಅಳೆಯುವಾಗ ಒಂದು ಎನ್ನಬಾರದು, ಲಾಭ ಎನ್ನಬೇಕು. ರಾಗಿ ಹೊಲವಿದ್ದ ಕಾಲದ ಪದ್ಧತಿ. ಹೊಲ ಹೋಗಿ ಅಲ್ಲಿ ಜಯನಗರದ ಸೈಟುಗಳಾದವು, ಬಂದ ದುಡ್ಡಿನಲ್ಲಿ ಗಂಗಾಧರಯ್ಯ ಊದುಬತ್ತಿ ಕಂಟ್ರಾಕ್ಟರಾದ. ಪದ್ಧತಿ ಮಾತ್ರ ಉಳಿಯಿತು.

ಇನ್ನೊಂದು ಪದ್ಧತಿಯೂ ಇತ್ತು. ಕಟ್ಟಿನ ನಡುವಿಂದ ಒಂದು ಕಡ್ಡಿ ಎಳೆದು, ಬಗ್ಗಿಸಿ, ಮೂಸಿ, “ಹಸಿ” ಎಂದು ಗಂಗಾಧರಯ್ಯ ಹೇಳಿದರೆ ಆ ಕಟ್ಟಿಗೆ ಕೂಲಿ ಇಲ್ಲ. ಕಟ್ಟು ಹಿಂದಕ್ಕೂ ಇಲ್ಲ. ಶುಕ್ರವಾರ ಅದೇ ಹಸಿ ಕಟ್ಟುಗಳು ಒಣಗಿದವುಗಳ ಜೊತೆ ಎತ್ತಿನ ಗಾಡಿ ಹತ್ತಿ ಪೇಟೆಗೆ ಹೋಗುವುದನ್ನು ಕೇರಿಯವರೆಲ್ಲ ನೋಡಿದ್ದರು.

“ಹಸಿ ಅಂತ ತೆಗ್ದಾಕಿದ್ ಮ್ಯಾಲೆ ನಂಗೇ ಕೊಟ್ಬುಡಿ ಬುದ್ಧಿ. ಒಲೆಗಾದ್ರೂ ಆಯ್ತದೆ.”

“ಒಲೆಗಾ? ಕಡ್ಡಿ ನಂದು. ಹಿಟ್ಟು ನಂದು. ನೀನು ಉಜ್ಜೋ ಮಣೆ ನಂದು. ನಿಂದೇನೇ ಐತೆ ಇದ್ರಾಗೆ, ಸೂಳೆ?”

“ಕೈ ನಂದು ಬುದ್ಧಿ.”

ಸಾಲಿನಲ್ಲಿದ್ದ ಯಾರೋ ಕಿಸಕ್ಕನೆ ನಕ್ಕರು. ಆ ನಗು ಇಲ್ಲದಿದ್ದರೆ ಕೈ ಉಳಿಯುತ್ತಿತ್ತೋ ಏನೋ. ಗಂಗಾಧರಯ್ಯ ಕೈಯನ್ನೇ ನೋಡಿದ, ಈವರೆಗೆ ಅದನ್ನು ಕಂಡೇ ಇಲ್ಲವೆಂಬಂತೆ. ಆಮೇಲೆ ತನ್ನ ಬಲಗಾಲಿನ ಮೆಟ್ಟನ್ನು ಅದರ ಮೇಲಿಟ್ಟ. ಎತ್ತಿಗೆ ಲಾಳ ಹೊಡೆಯುವವನ ಹತ್ತಿರ ಕಬ್ಬಿಣದ ಮೊಳೆ ಬಡಿಸಿಕೊಂಡ ಮೆಟ್ಟು. ಬೀಡಿ ಹೊಸಕುವಂತೆ ಹಿಮ್ಮಡಿಯನ್ನು ಒಮ್ಮೆ ಅತ್ತ ತಿರುಗಿಸಿದ, ಒಮ್ಮೆ ಇತ್ತ ತಿರುಗಿಸಿದ. ಚಟಚಟನೆ ಸದ್ದಾಯಿತು. ಅದರಲ್ಲಿ ಕಡ್ಡಿಯ ಸದ್ದು ಯಾವುದು, ಬೆರಳಿನ ಸದ್ದು ಯಾವುದು ಎಂದು ಎರಡು ಮಾರು ದೂರದಲ್ಲಿ ನಿಂತಿದ್ದ ಮುನಿಲಕ್ಷ್ಮಮ್ಮನಿಗೆ ತಿಳಿಯಲಿಲ್ಲ. ಅವಳು ಮುಂದೆ ಬಂದಾಗ ಬೈರಣ್ಣ ಅವಳ ಎದೆಗೆ ಮೊಣಕೈ ಕೊಟ್ಟು ಹಿಂದಕ್ಕೆ ತಳ್ಳಿದ.

ಅಕ್ಕಯಮ್ಮ ಕೂಗಲಿಲ್ಲ. ಉಸಿರನ್ನು ಒಳಗೆಳೆದುಕೊಂಡವಳು ಅದನ್ನು ಹೊರಗೆ ಬಿಡುವುದನ್ನು ಮರೆತಂತಿದ್ದಳು.

“ಒಂದ್ ತಂಬಿಗೆ ನೀರ್ ತಾರೋ ಬೈರ,” ಎಂದ ಗಂಗಾಧರಯ್ಯ.

ನೀರು ಬಂತು. ಮೆಟ್ಟು ತೊಳೆದುಕೊಂಡ.

*

ತಲಘಟ್ಟಪುರದ ಕಡೆಯ ಮೂಳೆ ಕಟ್ಟುವವನು ಬಿದಿರ ದಬ್ಬೆ ಇಟ್ಟು ಕಟ್ಟಿದ. ತಿಂಗಳಾದ ಮೇಲೆ ಬಿಚ್ಚಿದಾಗ ಕೈ ಹಸಿಶುಂಠಿಯ ಹಾಗಾಗಿತ್ತು: ಕೊಂಬುಗಳೆಲ್ಲ ಇದ್ದವು, ಯಾವುದೂ ಬಾಗಬೇಕಾದ ಕಡೆಗೆ ಬಾಗುತ್ತಿರಲಿಲ್ಲ. ಅಕ್ಕಯಮ್ಮ ಅದನ್ನು ಸೆರಗಿನಲ್ಲಿ ಸುತ್ತಿಟ್ಟುಕೊಂಡು ಓಡಾಡಿದಳು. ಎಡಗೈಯಲ್ಲಿ ಉಜ್ಜಲು ನೋಡಿದಳು. ಕಡ್ಡಿಗಳು ಬಸುರಿ ಹಾವುಗಳ ಹಾಗೆ ನಡುವೆ ಊದಿಕೊಂಡವು.

ಓರಗಿತ್ತಿಯರಿಬ್ಬರ ಅತ್ತೆ ನಾರಾಯಣಮ್ಮ ಜಯನಗರದ ನಾಲ್ಕು ಮನೆಗಳಲ್ಲಿ ಅಂಗಳ ಗುಡಿಸುತ್ತಿದ್ದಳು. ಅವುಗಳಲ್ಲೊಂದು ಕಾತ್ಯಾಯಿನಿಯಮ್ಮನದು. ಮಹಿಳಾ ಸಮಾಜದ ಕಾರ್ಯದರ್ಶಿ. ಓದಿದವರು, ದಯೆ ಉಳ್ಳವರು. ಕೇರಿಯವರಿಗೆ ಕಾಫಿ ಕೊಡಲೆಂದೇ ಹಿತ್ತಿಲ ಗೂಡಿನಲ್ಲಿ ಎರಡು ಲೋಟ ಬೇರೆ ಇಟ್ಟಿದ್ದರು. ಅಕ್ಕಯಮ್ಮನ ಕೈ ನೋಡಿ ಅವರ ಕಣ್ಣಲ್ಲಿ ನೀರು ಬಂತು. ಅವತ್ತೇ ಕೂತು ಸರ್ಕಾರಕ್ಕೆ ಅರ್ಜಿ ಬರೆದರು.

“ನೋಡಿ, ಗಿರಣಿಯಲ್ಲಿ ಕೈ ಹೋದರೆ ಪರಿಹಾರ ಉಂಟು. ಹೆರಿಗೆಗೆ ರಜ ಉಂಟು. ಯಾಕೆ? ಅವರು ಕಾರ್ಮಿಕರು ಅಂತ ಪುಸ್ತಕದಲ್ಲಿ ಬರೆದಿರತ್ತೆ. ನಿಮ್ಮನ್ನೂ ಹಾಗೆ ಬರೆಸಬೇಕು. ಬರೆದುಬಿಟ್ಟರೆ ಆಯ್ತು, ಅವನು ನಿಮ್ಮ ಮೈ ಮುಟ್ಟೋ ಹಾಗಿಲ್ಲ, ಅಕ್ಕಯಮ್ಮನ ಕೈಗೆ ಅವನೇ ತೆರಬೇಕು.”

“ಮನೇಲ್ ಕೂತ್ ಉಜ್ಜೋರ್ನ ಬರ್ಕೊತಾರಾ ಅಮ್ಮಾವ್ರೆ?” ಎಂದಳು ಮುನಿಲಕ್ಷ್ಮಮ್ಮ.

“ಅದಕ್ಕೇ ಆಫೀಸರು ಬಂದು ನೋಡ್ತಾರೆ. ದಿನಾ ಹೇಗೆ ಕೆಲಸ ಮಾಡ್ತೀರೋ ಹಾಗೇ ಮಾಡ್ತಾ ಕೂತಿರಿ. ಅವರು ಕಣ್ಣಾರೆ ನೋಡಲಿ. ಅಷ್ಟೇ.”

ಅರ್ಜಿಗೆ ಕೇರಿಯ ಹದಿನಾಲ್ಕು ಹೆಂಗಸರು ಬಲಗೈ ಹೆಬ್ಬೆಟ್ಟು ಒತ್ತಿದರು. ಅಕ್ಕಯಮ್ಮ ಎಡಗೈಯದನ್ನು ಒತ್ತಿದಳು.

*

ಅಷ್ಟೇ ಎಂದು ಕಾತ್ಯಾಯಿನಿಯಮ್ಮ ಹೇಳಿದ್ದೇನೋ ಸರಿ. ಆದರೆ ಆಫೀಸರು ನಾಳೆ ಬರುತ್ತಾರಂತೆ ಎಂಬ ಸುದ್ದಿ ಬಂದ ಕೂಡಲೇ ನಾರಾಯಣಮ್ಮ ಎದ್ದು ನಿಂತಳು. ಆಕೆಯ ಅರವತ್ತು ವರ್ಷದಲ್ಲಿ ಆ ಗುಡಿಸಿಲಿಗೆ ಯಾವ ಆಫೀಸರೂ ಬಂದಿರಲಿಲ್ಲ.

“ಏಳ್ರೇ ಮುಂಡೇರಾ. ಆಪೀಸ್ರು ಬತ್ತಾರೆ ಅಂದ್ರೆ ಮಸಿ ಬಳ್ಕೊಂಡ್ ಕೂತವ್ರೆ, ಮಾರಿ ಮುಂದ್ಲ ಕ್ವಾಣದಂಗೆ.”

“ಅಮ್ಮಾವ್ರು ಇಂಗೇ ಕೂತಿರಿ ಅಂದವ್ರೆ ಅತ್ತೆ,” ಎಂದಳು ಮುನಿಲಕ್ಷ್ಮಮ್ಮ.

“ಅವರ ಮನೇಗೆ ದೊಡ್ಡೋರು ಬಂದ್ರೆ ಅವರು ಇಂಗೇ ಕೂತಿರ್ತಾರಾ? ಕೇಳ್ಕೊಂಡ್ ಬಾ ಓಗು.”

ಇಡೀ ಕೇರಿ ಕೆಲಸಕ್ಕೆ ನಿಂತಿತು. ನೆಲದ ಮೇಲಿನ ಇದ್ದಿಲ ಕರೆಯನ್ನು ಮೂರು ಸಲ ಸಗಣಿ ಹಾಕಿ ಸಾರಿಸಿದರು. ಹಿಟ್ಟಿನ ಬೋಗುಣಿಗಳನ್ನು ಕೆರೆಯಲ್ಲಿ ಉಜ್ಜಿ ಬೆಳಗಿದರು. ಸೀಮೆಎಣ್ಣೆ ಹಚ್ಚಿ, ಹುಣಸೆಹಣ್ಣು ಹಾಕಿ, ಕೈ ತೊಳೆದರು. ಉಗುರಿನ ಸಂದಿಯ ಕಪ್ಪನ್ನು ಜಾಲಿಮುಳ್ಳಿನಿಂದ ಕೆದಕಿ ತೆಗೆದರು. ಕಡ್ಡಿ ಉಜ್ಜುವ ಮಣೆಗಳು ಉಳಿದವು. ಅವು ಗಂಗಾಧರಯ್ಯ ಕೊಟ್ಟವು, ಖಾಲಿ ಪೆಟ್ಟಿಗೆ ಒಡೆದು ಮಾಡಿಸಿದವು. ಕೆಲವುಗಳ ಬೆನ್ನಿಗೆ ಕಾದ ಕಬ್ಬಿಣದಿಂದ ಸುಟ್ಟ ಅವನ ಗುರುತಿತ್ತು. ಎಷ್ಟು ತೊಳೆದರೂ ಬೆಳ್ಳಗಾಗದ ಆ ದರಿದ್ರದ ಹಲಗೆಗಳನ್ನು ಎಲ್ಲಿ ಬಚ್ಚಿಡುವುದು ಎಂದು ಹೆಂಗಸರು ಯೋಚಿಸುತ್ತಿದ್ದಾಗ ಬೈರಣ್ಣ ಕೈಗಾಡಿ ತಳ್ಳಿಕೊಂಡು ಬಂದ.

“ಮನೆ ಕಿಲೀನ್ ಮಾಡ್ತಾ ಇದ್ದೀರೇನ್ರಮ್ಮಾ? ಬಲೇ. ಮಣೆ ಎಲ್ಲ ಇಂಗ್ ಕೊಡಿ. ಧಣಿ ಅಂಗಳದಾಗ್ ಇಟ್ಟಿರ್ತೀನಿ. ಆಪೀಸ್ರು ಓದ್ ಮ್ಯಾಲೆ ಇಸ್ಕೊಳ್ಳಿ.”

ಹದಿನಾಲ್ಕು ಮಣೆ ಗಾಡಿ ಹತ್ತಿದವು. ನಾರಾಯಣಮ್ಮ ಅವನಿಗೆ ಎಲೆಯಡಿಕೆ ಕೊಟ್ಟಳು. “ಎಂಗಿದ್ರೂ ಒಳ್ಳೆ ಮನಸೈತೆ ಬೈರಂಗೆ,” ಎಂದಳು.

ಆಮೇಲೆ ಅಟ್ಟದ ಮೇಲಿಂದ ಮುನಿಲಕ್ಷ್ಮಮ್ಮನ ಹಸೆಮಣೆ ಇಳಿಸಿದಳು.

ಕೆಳಗೇರಿಯಲ್ಲಿ ಹೆಣ್ಣಿಗೆ ತವರಿನಿಂದ ಬೇರೇನು ಬರದಿದ್ದರೂ ಒಂದು ಹಲಸಿನ ಮಣೆ ಬರಲೇಬೇಕು. ಮದುವೆಯ ದಿನ ಹೆಣ್ಣು ಅದರ ಮೇಲೆ ಕೂರುತ್ತಾಳೆ, ಆಮೇಲೆ ಅದು ಅಟ್ಟ ಸೇರುತ್ತದೆ. ಮಣೆ ತರದವಳಿಗೆ ಒಂದು ಹೆಸರಿದೆ: ನೆಲದ ಮೇಲೆ ಕೂತು ತಾಳಿ ಕಟ್ಟಿಸಿಕೊಂಡವಳು. ನಲ್ಲಿಯ ಹತ್ತಿರ ಜಗಳ ಬಂದಾಗ ಇತರ ಬೈಗುಳಗಳೆಲ್ಲ ಮುಗಿದ ಮೇಲೆ ಇದನ್ನು ಹೊರಗೆ ತೆಗೆಯುತ್ತಾರೆ. ಇದಾದ ಮೇಲೆ ಕೊಡಗಳು ಹಾರುತ್ತವೆ. ಮುನಿಲಕ್ಷ್ಮಮ್ಮನ ತಾಯಿ ಮಗಳ ಮಣೆಯನ್ನು ಚಿಕ್ಕಲಸಂದ್ರದಿಂದ ಬಿಸಿಲಲ್ಲಿ ತಲೆಯ ಮೇಲೆ ಹೊತ್ತು ತಂದಿದ್ದಳು. ಅದಕ್ಕೆ ಒಂದು ಮರದ ದಿಮ್ಮಿ ಕೊಟ್ಟವನ ಮನೆಯಲ್ಲಿ ಎರಡು ಸುಗ್ಗಿ ಬಿಟ್ಟಿ ದುಡಿದಿದ್ದಳು.

ಅದನ್ನು ಒರೆಸಿ, ಮೇಲೆ ರಂಗೋಲಿಯ ಎಳೆ ಬಿಟ್ಟು, ಆಫೀಸರು ಕೂರಲಿ ಎಂದು ನಡುಮನೆಯಲ್ಲಿ ಹಾಕಿದರು.

*

ಕಾರ್ಮಿಕ ಅಧಿಕಾರಿ ಸೇತುರಾಮ ಕೆಟ್ಟ ಮನುಷ್ಯರಲ್ಲ. ಕೈಯಲ್ಲಿ ಒಂದು ಫಾರಮ್ಮಿತ್ತು, ಫಾರಮ್ಮಿನಲ್ಲಿ ಹನ್ನೊಂದು ಕಲಮುಗಳಿದ್ದವು, ಹನ್ನೊಂದನ್ನೂ ಊಟದ ಹೊತ್ತಿನೊಳಗೆ ತುಂಬಬೇಕಿತ್ತು. ಮಣೆಯ ಮೇಲೆ ಕೂರಲಿಲ್ಲ. ಗಂಗಾಧರಯ್ಯನ ಮನೆಯಿಂದ ಬೈರಣ್ಣ ಕುರ್ಚಿ ತಂದು ಹೊಸ್ತಿಲ ಹೊರಗೆ ಹಾಕಿದ. ಗಂಗಾಧರಯ್ಯ ಕುರ್ಚಿಯ ಪಕ್ಕದಲ್ಲಿ ಕೈಕಟ್ಟಿ ನಿಂತ. ಕೇರಿಯೆಲ್ಲ ಬಾಗಿಲಲ್ಲಿ ನೆರೆಯಿತು.

“ಕೆಲಸ ಎಲ್ಲಿ ಮಾಡ್ತೀರಿ?”

“ಇಲ್ಲೇ ಸ್ವಾಮಿ,” ಎಂದಳು ಮುನಿಲಕ್ಷ್ಮಮ್ಮ.

ಸೇತುರಾಮ ಬಗ್ಗಿ ಒಳಗೆ ನೋಡಿದರು. “ಇಲ್ಲಾ? ಇದ್ದಿಲ ಕೆಲಸ ಅಂತೀರಿ, ಒಂದು ಚುಕ್ಕೆ ಮಸಿ ಇಲ್ಲವಲ್ಲಮ್ಮ.”

“ನೀವ್ ಬತ್ತೀರಾ ಅಂತ ಮೂರ್ ಕಿತ ಸಾರ್ಸಿವ್ನಿ ಸ್ವಾಮಿ,” ಎಂದಳು ನಾರಾಯಣಮ್ಮ ಹೆಮ್ಮೆಯಿಂದ.

“ಹೂಂ. ದಿನಕ್ಕೆ ಎಷ್ಟು ಹೊತ್ತು ಮಾಡ್ತೀರಿ?”

ಮುನಿಲಕ್ಷ್ಮಮ್ಮ ಬಾಯಿ ತೆರೆಯುವ ಮುಂಚೆ ಅತ್ತೆಯ ಉತ್ತರ ಹೊರಬಿದ್ದಿತ್ತು. “ಮನೆಗೆಲ್ಸ ಎಲ್ಲಾ ಮುಗೀಬೇಕು ಸ್ವಾಮಿ, ಆಮ್ಯಾಕೇ ಕಡ್ಡಿ. ನನ್ ಸೊಸೇರು ಒಲೆ ಬುಟ್ಟು ಕೂಲಿಗ್ ಕೂರೋ ಜಾಯಮಾನದೋರಲ್ಲ.”

ಬಿಡುವಿನ ವೇಳೆಯಲ್ಲಿ ಎಂದು ಬಾಯಲ್ಲಿ ಹೇಳಿಕೊಳ್ಳುತ್ತ ಸೇತುರಾಮ ಬರೆದುಕೊಂಡರು. ಗಂಗಾಧರಯ್ಯ ಆಕಾಶ ನೋಡುತ್ತಿದ್ದ.

“ಬಿಡುವಲ್ಲ ಸ್ವಾಮಿ, ಬೆಳಕರಿದಾಗಿಂದ ದೀಪ ಹಚ್ಚೋ ಗಂಟ,” ಎಂದು ಮುನಿಲಕ್ಷ್ಮಮ್ಮ ಅಂಗೈ ಚಾಚಿದಳು. “ನೋಡಿ. ಇಲ್ಲಿ ಎಂಗ್ ಜಡ್ಡುಗಟ್ಟೈತೆ.”

“ಮುದ್ದೆ ತೊಳಸೋ ಕೈ ಎಲ್ಲ ಹೀಗೇ ಇರತ್ತಮ್ಮ,” ಎಂದರು ಸೇತುರಾಮ, ಸಮಾಧಾನದ ದನಿಯಲ್ಲಿ. “ಆ ಹುಡುಗಿ ಕೈಗೆ ಏನಾಯ್ತು?”

“ಬೀಸೋ ಕಲ್ ಬಿತ್ತು ಸಾರ್,” ಎಂದ ಗಂಗಾಧರಯ್ಯ.

“ಇವ್ನೇ ತುಳ್ದಿದ್ದು ಸ್ವಾಮಿ. ಕಟ್ಟ್ ಒಪ್ಪಿಸ್ವಾಗ,” ಎಂದಳು ಮುನಿಲಕ್ಷ್ಮಮ್ಮ.

“ತುಳಿದಿದ್ದು ಅಂದ್ರೆ ಅದು ಪೊಲೀಸಿನವರ ವಿಷಯ. ನಮ್ಮದು ಬರೀ ಕಾರ್ಮಿಕರ ವಿಷಯ.” ಅವರು ಹಾಳೆ ತಿರುಗಿಸಿದರು. “ಕೊನೇದು. ಕೆಲಸದ ಸಾಮಾನು, ಮಣೆ ಅಂತ ಇದೆ ಇಲ್ಲಿ. ಮಣೆ ಯಾರದು?”

ಅವರ ಬೆರಳು ನಡುಮನೆಯಲ್ಲಿದ್ದ ಹಲಸಿನ ಮಣೆಯನ್ನು ತೋರಿಸುತ್ತಿತ್ತು. ಆ ಮನೆಯಲ್ಲಿ ಕಣ್ಣಿಗೆ ಬೀಳುವಂತಿದ್ದದ್ದು ಅದೊಂದೇ ಮಣೆ.

ಮುನಿಲಕ್ಷ್ಮಮ್ಮ ಬಾಗಿಲ ಕಡೆ ನೋಡಿದಳು. ಕೇರಿಯ ಅಷ್ಟೂ ಮುಖಗಳು ಅವಳನ್ನೇ ನೋಡುತ್ತಿದ್ದವು. ಅವುಗಳಲ್ಲಿ ನಲ್ಲಿಯ ಹತ್ತಿರ ಅವಳೊಡನೆ ಕೊಡ ಹಾರಿಸಿದ ಮುಖಗಳು ಕಡಿಮೆಯೇನಿರಲಿಲ್ಲ.

“ನಮ್ಮವ್ವ ಕೊಟ್ಟಿದ್ದು ಸ್ವಾಮಿ. ಚಿಕ್ಕಲಸಂದ್ರದಿಂದ ತಲೆ ಮ್ಯಾಲೆ ಒತ್ಕೊಂಡ್ ಬಂದು ಕೊಟ್ಟಿದ್ದು.”

“ಅಂದ್ರೆ ನಿನ್ನದು.”

“ನಂದೇ ಸ್ವಾಮಿ.”

“ನಂದೂ ತವರಿಂದೇ,” ಎಂದಿತು ಬಾಗಿಲಲ್ಲಿ ಒಂದು ದನಿ. “ನಂದೂವೇ.” “ನಂದು ಅವ್ರ್ ಮಣೆಗಿಂತ ಒಂದ್ ಗೇಣ್ ಉದ್ದ ಸ್ವಾಮಿ.”

ಸೇತುರಾಮ ಪೆನ್ನಿನ ಮುಚ್ಚಳ ಹಾಕಿದರು. ಗಂಗಾಧರಯ್ಯ ಮೊದಲ ಬಾರಿಗೆ ಮುನಿಲಕ್ಷ್ಮಮ್ಮನ ಮುಖ ನೋಡಿ ನಕ್ಕ. ಅವನ ನಗು ಅವಳಿಗೆ ಆಗ ಅರ್ಥವಾಗಲಿಲ್ಲ.

*

ಬೈರಣ್ಣ ಇಟ್ಟುಕೊಂಡಿರುತ್ತೇನೆ ಎಂದಿದ್ದ ಹದಿನಾಲ್ಕು ಹಲಗೆಗಳು ವಾಪಸು ಬರಲಿಲ್ಲ. “ನಿಮ್ ಮಣೆ ನಿಮ್ತಾವೇ ಅವಲ್ರಮ್ಮಾ,” ಎಂದು ಅವನು ಹಲ್ಲು ಕಿರಿದ. ಹಿಟ್ಟು, ಕಡ್ಡಿ ಕೊಟ್ಟ, ಮಣೆ ಕೊಡಲಿಲ್ಲ. ಹೆಂಗಸರು ಬೇರೆ ದಾರಿ ಕಾಣದೆ ಹಸೆಮಣೆಗಳನ್ನೇ ನೆಲಕ್ಕೆ ಹಾಕಿ ಉಜ್ಜತೊಡಗಿದರು. ಹದಿನೈದು ದಿನದಲ್ಲಿ ಮುನಿಲಕ್ಷ್ಮಮ್ಮನ ಮಣೆ ಎಮ್ಮೆಯ ಬೆನ್ನಿನ ಬಣ್ಣಕ್ಕೆ ಬಂತು.

ಎರಡು ತಿಂಗಳ ಮೇಲೆ ಸರ್ಕಾರದ ಉತ್ತರ ಬಂತು. ಕಾತ್ಯಾಯಿನಿಯಮ್ಮ ಹಿತ್ತಿಲ ಕಟ್ಟೆಯ ಮೇಲೆ ಕೂತು ಇಂಗ್ಲಿಷಿನದನ್ನು ಕನ್ನಡ ಮಾಡಿ ಓದಿದರು. “ಸದರಿ ಹೆಂಗಸರು ತಮ್ಮ ಸ್ವಂತ ಮನೆಯಲ್ಲಿ, ಬಿಡುವಿನ ವೇಳೆಯಲ್ಲಿ, ತಮ್ಮ ಸ್ವಂತ ಉಪಕರಣಗಳಿಂದ ಕೆಲಸ ಮಾಡುತ್ತಿರುವುದು ಸ್ಥಳ ತನಿಖೆಯಿಂದ ತಿಳಿದುಬಂದಿರುತ್ತದೆ. ಆದ್ದರಿಂದ ಇವರು ಕಾರ್ಮಿಕರಲ್ಲ. ಅರ್ಜಿಯನ್ನು ಮುಕ್ತಾಯಗೊಳಿಸಿದೆ.”

“ಸ್ವಂತ ಉಪಕ್ರಣ ಅಂದ್ರೆ?” ಎಂದು ಕೇಳಿದಳು ಮುನಿಲಕ್ಷ್ಮಮ್ಮ.

“ಮಣೆ. ನಿನ್ನದೇ ಅಂದೆಯಂತಲ್ಲ.”

“ಅದು ಹಸೆಮಣೆ ಅಮ್ಮಾವ್ರೆ. ಅವ್ನ ಮಣೆ ಅವ್ನೇ ಎತ್ಕೊಂಡೋಗಿದ್ದ.”

“ನಾನು ಹೇಳಿದ್ದೇನು, ನೀವು ಮಾಡಿದ್ದೇನು? ಹೇಗಿದ್ದೀರೋ ಹಾಗೇ ಕೂತಿರಿ ಅಂದಿದ್ದೆ.” ಕಾತ್ಯಾಯಿನಿಯಮ್ಮನಿಗೆ ನಿಜವಾಗಿಯೂ ಸಂಕಟವಾಗಿತ್ತು. “ಇನ್ನು ಬೇರೆ ಏನಾದರೂ ಸರ್ಕಾರಿ ದಾಖಲೆ ಬೇಕು. ನೀವು ಅವನ ಕೈಕೆಳಗಿನ ಕಾರ್ಮಿಕರು, ಮಣೆ ಅವನದು ಅಂತ. ಅದು ಸಿಕ್ಕಿದ್ರೆ ಈ ಅರ್ಜೀನ ಮತ್ತೆ ತೆಗೆಸಬಹುದು. ಎಲ್ಲಿಂದ ತರ್ತೀರಿ?”

ಅವರು ಗೂಡಿನ ಲೋಟಗಳಿಗೆ ಕಾಫಿ ಬಗ್ಗಿಸಿದರು. ಮುನಿಲಕ್ಷ್ಮಮ್ಮ ಕುಡಿಯಲಿಲ್ಲ. ದಾರಿಯುದ್ದಕ್ಕೂ ಅವಳಿಗೆ ತಾನೇ ಅಕ್ಕಯಮ್ಮನ ಕೈ ತುಳಿದಂತೆ ಅನ್ನಿಸುತ್ತಿತ್ತು. ಕೇಳಿದ್ದು ಒಂದೇ ಪ್ರಶ್ನೆ. ಹೇಳಿದ್ದು ನಿಜ.

*

ಉತ್ತರದ ನಕಲು ಗಂಗಾಧರಯ್ಯನಿಗೂ ಬಂದಿತ್ತು. ಮರುದಿನ ಮಟಮಟ ಮಧ್ಯಾಹ್ನ, ಕೇರಿಯ ಗಂಡಸರೆಲ್ಲ ಜಯನಗರದಲ್ಲಿ ಪಾಯ ತೋಡಲು ಹೋಗಿದ್ದಾಗ, ಅವನು ಬೈರಣ್ಣನನ್ನು ಕರೆದುಕೊಂಡು ಕೆಳಗೇರಿಗೆ ಇಳಿದ. ಮುನಿಲಕ್ಷ್ಮಮ್ಮ ಬಾಗಿಲ ಮುಂದಿನ ನೆರಳಲ್ಲಿ ಕೂತು ಉಜ್ಜುತ್ತಿದ್ದಳು. ಅಕ್ಕಯಮ್ಮ ಎಡಗೈಯಲ್ಲಿ ಕಡ್ಡಿ ಎತ್ತಿ ಕೊಡುತ್ತಿದ್ದಳು.

ಗಂಗಾಧರಯ್ಯ ಮೊದಲು ಬೋಗುಣಿಗೆ ಒದ್ದ. ಕಪ್ಪು ಹಿಟ್ಟು ಮುನಿಲಕ್ಷ್ಮಮ್ಮನ ಮುಖ, ಎದೆ, ಮಡಿಲ ತುಂಬ ಬಿತ್ತು.

“ನೀವು ಕಾರ್ಮಿಕರಲ್ವಂತೆ ಕಣ್ರೇ. ಸರ್ಕಾರಾನೇ ಬರ್ದೈತೆ. ನಾನು ನಿಮಗೆ ಏನೂ ಅಲ್ವಂತೆ. ಹಂಗಾದ್ ಮ್ಯಾಲೆ ನಾನ್ ಏನ್ ಮಾಡುದ್ರೂ ಮಾಲೀಕ ಮಾಡ್ದ ಅನ್ನಂಗಿಲ್ಲ. ಅಲ್ವೇನೋ ಬೈರ?”

“ಅಂಗೇ ಆಯ್ತದೆ ಧಣಿ.”

“ಯಾವ್ ಕೈನಾಗೇ ಅರ್ಜಿಗೆ ಹೆಬ್ಬೆಟ್ ಒತ್ತಿದ್ದು ನೀನು?”

ಅಕ್ಕಯಮ್ಮ ಎಡಗೈಯನ್ನು ಬೆನ್ನ ಹಿಂದೆ ಸರಿಸಿದಳು. ಅದೇ ಉತ್ತರವಾಯಿತು. ಬೈರಣ್ಣ ಅವಳ ಜಡೆಯನ್ನು ಮುಷ್ಟಿಗೆ ಸುತ್ತಿಕೊಂಡು ಎಳೆದು ಕೆಡವಿದ. ಬೆನ್ನ ಮೇಲೆ ಮೊಣಕಾಲೂರಿ, ತೋಳು ತಿರುಚಿ ಮುಂದಕ್ಕೆಳೆದು, ಎಡಗೈಯನ್ನು ಹಲಸಿನ ಮಣೆಯ ಮೇಲೆ ಒತ್ತಿ ಹಿಡಿದ. ಒಳಗಿನಿಂದ ಓಡಿಬಂದ ನಾರಾಯಣಮ್ಮ ಅವನ ಬೆನ್ನಿಗೆ ಬಿದ್ದಳು. ಅವನು ತಲೆಯಿಂದ ಹಿಂದಕ್ಕೆ ಗುದ್ದಿದ. ಮುದುಕಿಯ ಬಾಯಿಂದ ರಕ್ತದ ಜೊತೆ ಒಂದು ಹಲ್ಲು ಬಂತು. ಅವಳಿಗೆ ಉಳಿದಿದ್ದವೇ ಆರು.

“ಬುಡೋ ಬೋಳಿಮಗ್ನೆ, ಒಂದ್ ಕೈ ತಿಂದೀಯಲ್ಲೋ,” ಎಂದಳು ಮುನಿಲಕ್ಷ್ಮಮ್ಮ.

“ಬಿಡ್ತೀನಿ. ಇನ್ನೊಂದ್ನೂ ತಿಂದು ಬಿಡ್ತೀನಿ,” ಎಂದ ಗಂಗಾಧರಯ್ಯ. “ನಿನ್ನ ಮಣೆ ತಾನೇ ಇದು? ನಿಮ್ಮವ್ವ ಹೊತ್ಕೊಂಡ್ ಬಂದಿದ್ದು ತಾನೇ? ನೋಡ್ಕೋ ಹಂಗಾದ್ರೆ, ಯಾತಕ್ ಉಪಯೋಗ ಬರ್ತದೆ ಅಂತ.”

ಗಂಗಾಧರಯ್ಯ ಪಂಚೆ ಎತ್ತಿ ಕಟ್ಟಿ ಮೆಟ್ಟಿನ ಕಾಲನ್ನು ಮೇಲೆತ್ತಿದ.

ಕಾಲು ಕೆಳಗೆ ಬರುವಷ್ಟರಲ್ಲಿ ಮಣೆ ಅಲ್ಲಿರಲಿಲ್ಲ. ಮುನಿಲಕ್ಷ್ಮಮ್ಮ ಅದನ್ನು ಎರಡೂ ಕೈಯಿಂದ ಸರಕ್ಕನೆ ಎಳೆದಿದ್ದಳು. ಅಕ್ಕಯಮ್ಮನ ಕೈ ಮಣೆಯ ಜೊತೆಗೇ ಜಾರಿಕೊಂಡು ಹೋಗಿತ್ತು. ಮೊಳೆಯ ಮೆಟ್ಟು ಹಿಟ್ಟು ಚೆಲ್ಲಿದ ನೆಲದ ಮೇಲೆ ಬಿತ್ತು. ಜಿಗಟು ಹಿಟ್ಟು ಕಾಲಡಿ ಜಾರಿತು. ಗಂಗಾಧರಯ್ಯ ಅಂಗಾತ ಬಿದ್ದ.

ಮುನಿಲಕ್ಷ್ಮಮ್ಮ ಎದ್ದು ನಿಂತಳು. ಮಣೆಯನ್ನು ಅಡ್ಡಕ್ಕೆ ತಿರುಗಿಸಿ, ಗಂಟು ಇದ್ದ ಮೂಲೆಯನ್ನು ಕೆಳಗೆ ಮಾಡಿ, ತಲೆಗಿಂತ ಮೇಲಕ್ಕೆ ಎತ್ತಿದಳು.

“ಲಾಭಾ,” ಎಂದಳು.

ಬಲಗಾಲಿನ ಹರಡಿನ ಮೇಲೆ ಬಿತ್ತು. ಈ ಸದ್ದಿನಲ್ಲಿ ಕಡ್ಡಿಯದು ಬೆರೆತಿರಲಿಲ್ಲ. ಗಂಗಾಧರಯ್ಯ ಕೂಗಿದ್ದು ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರಿಗೆ ಕೇಳಿಸಿತು.

“ಎರಡು.”

ಬೈರಣ್ಣ ಅಕ್ಕಯಮ್ಮನನ್ನು ಬಿಟ್ಟು ಎದ್ದ. ಮುನಿಲಕ್ಷ್ಮಮ್ಮನ ಹತ್ತಿರ ಬರಲು ಒಂದು ಹೆಜ್ಜೆ ಇಟ್ಟವನು ಕರಿಯ ಮುಖದ ನಡುವಿನ ಎರಡು ಕಣ್ಣು ನೋಡಿ ಆ ಹೆಜ್ಜೆಯನ್ನು ವಾಪಸು ತೆಗೆದುಕೊಂಡ. “ಮೂರು” ಎನ್ನುವಾಗ ಓಡುತ್ತಿದ್ದ. “ನಾಲ್ಕು” ಎನ್ನುವಾಗ ಮೆಟ್ಟು ಕಾಲಿನಿಂದ ಕಳಚಿ ದೂರ ಬಿದ್ದಿತು. ಪಾದ ಯಾವ ಕಡೆಗೆ ತಿರುಗಬಾರದೋ ಆ ಕಡೆಗೆ ತಿರುಗಿತ್ತು. ಐದಕ್ಕೆ ಅವಳು ನಿಲ್ಲಿಸಿದಳು. ಕಡ್ಡಿಯನ್ನೂ ಅವಳು ಐದೈದಾಗಿಯೇ ಎಣಿಸುತ್ತಿದ್ದದ್ದು.

ಮಣೆಯನ್ನು ನೆಲಕ್ಕೆ ಹಾಕಿ ಅದರ ಮೇಲೆ ಕೂತಳು. ಮದುವೆಯ ದಿನ ಬಿಟ್ಟರೆ ಅವಳು ಅದರ ಮೇಲೆ ಕೂತದ್ದು ಅದೇ ಮೊದಲು. ಪೊಲೀಸಿನವರು ಬಂದಾಗಲೂ ಹಾಗೇ ಕೂತಿದ್ದಳು.

*

ಸಬ್ ಇನ್ಸ್‌ಪೆಕ್ಟರ್ ಗುರುಬಸಪ್ಪನಿಗೆ ಧಾರವಾಡದ ಕಡೆಯಿಂದ ಹೊಸದಾಗಿ ವರ್ಗವಾಗಿತ್ತು. ಸಾರಕ್ಕಿಯಲ್ಲಿ ಯಾರು ಯಾರಿಗೆ ನಮಸ್ಕಾರ ಮಾಡಬೇಕು ಎಂಬುದು ಆತನಿಗೆ ಇನ್ನೂ ಪೂರ್ತಿ ತಿಳಿದಿರಲಿಲ್ಲ. ಠಾಣೆಯಲ್ಲಿ ಮೊದಲು ಒಬ್ಬ ದಫೇದಾರ ಮುನಿಲಕ್ಷ್ಮಮ್ಮನಿಗೆ ನಾಲ್ಕು ಬಾರಿಸಿದ, ಅದು ವಾಡಿಕೆ. ಆಮೇಲೆ ಬರೆಯಲು ಕೂತರು. ಮೇಜಿನ ಮೇಲೆ ಮಣೆ ಇತ್ತು. ಕಂಬದ ಹತ್ತಿರ ಬೈರಣ್ಣ ನಿಂತಿದ್ದ. ಬಾಗಿಲ ಹೊರಗೆ, ಮೆಟ್ಟಿಲ ಮೇಲೆ, ಕೆಳಗೇರಿಯ ಹೆಂಗಸರೆಲ್ಲ ಕೂತಿದ್ದರು. ನಾರಾಯಣಮ್ಮ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

“ಹೊಡದಿ?”

“ಹೊಡ್ದೆ ಸ್ವಾಮಿ.”

“ಇದರ್ಲೇನ?”

“ಅದರಾಗೇ.”

“ಏನಿದು, ಇಷ್ಟು ಕರ್‍ರಗ? ಮಣಿ ಯಾರದು?”

ಮುನಿಲಕ್ಷ್ಮಮ್ಮ ತಲೆ ಎತ್ತಿದಳು. ತುಟಿ ಒಡೆದಿತ್ತು. ಅದೇ ಪ್ರಶ್ನೆ, ಕೇಳಿದವನು ಬೇರೆ, ಅವನ ಕೈಯಲ್ಲೂ ಒಂದು ಹಾಳೆ. ಚಿಕ್ಕಲಸಂದ್ರದ ದಾರಿಯಲ್ಲಿ ತಲೆಯ ಮೇಲೆ ಮಣೆ ಹೊತ್ತು, ಸಿಂಬಿ ಜಾರದಂತೆ ಕತ್ತು ನೆಟ್ಟಗೆ ಮಾಡಿಕೊಂಡು ಬರುತ್ತಿದ್ದ ತಾಯಿ ಅವಳಿಗೆ ಕಂಡಳು. ಅವಳು ಸತ್ತು ಆರು ವರ್ಷವಾಗಿತ್ತು.

“ಗಂಗಾಧರಯ್ಯನೋರ್ದು ಸ್ವಾಮಿ. ಅವರ ಕಡ್ಡಿ ಉಜ್ಜಾಕೆ ಅವರೇ ಕೊಟ್ಟಿದ್ದು. ನಾವು ಅವರ ಕೂಲಿಯೋರು.”

“ಸುಳ್ಳು ಸಾರ್,” ಎಂದ ಬೈರಣ್ಣ. “ಅದು ಇವ್ಳ ಹಸೆಮಣೆ. ಅವರವ್ವ ಕೊಟ್ಟಿದ್ದು. ಅವತ್ತು ಆಪೀಸ್ರ ಮುಂದೆ ಇವ್ಳೇ ಯೋಳವ್ಳೆ.”

“ಹೌದೇನು? ನಿಮ್ಮವ್ವ ಕೊಟ್ಟಾಳೇನು?”

“ನಮ್ಮವ್ವ ಏನೂ ಕೊಡ್ನಿಲ್ಲ ಸ್ವಾಮಿ,” ಎಂದಳು ಮುನಿಲಕ್ಷ್ಮಮ್ಮ. ಹೊರಗಿದ್ದವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. “ನಾನು ನೆಲದ ಮ್ಯಾಲೆ ಕೂತು ತಾಳಿ ಕಟ್ಟಿಸ್ಕೊಂಡೋಳು.”

ಗುರುಬಸಪ್ಪ ಹೊರಗೆ ನೋಡಿ, ಎಲ್ಲರಿಗಿಂತ ಮುದುಕಿಯನ್ನು ಕೇಳಿದ. “ನೀ ಯಾರವ್ವಾ ಈಕಿಗೆ?”

“ಅತ್ತೆ,” ಎಂದಳು ನಾರಾಯಣಮ್ಮ. ಸೆರಗನ್ನು ಬಾಯಿಂದ ತೆಗೆದಳು. ಸೊಸೆಯ ಮಣೆಯನ್ನು ಇಪ್ಪತ್ತು ವರ್ಷದಿಂದ ಬಂದವರಿಗೆಲ್ಲ ತೋರಿಸಿದವಳು ಅವಳು. “ದಿಟ ಸ್ವಾಮಿ. ಬರಿಗೈನಾಗ್ ಬಂದ್ಲು. ಮಣೆ ಧಣಿದೇ.”

“ನಮ್ದೂ ಧಣಿದೇ,” ಎಂದಳು ಅವಳ ಹಿಂದಿನವಳು. “ನಾನೂ ನೆಲದ್ ಮ್ಯಾಲೇ ಕೂತಿದ್ದು.” “ನಾನೂವೇ ಸ್ವಾಮಿ.” ಒಂದು ಗೇಣು ಹೆಚ್ಚು ಉದ್ದದ ಮಣೆಯವಳೂ ಹಾಗೇ ಹೇಳಿದಳು.

ಬೈರಣ್ಣನ ಮುಖ ಕೆಂಪಗಾಯಿತು. ಕಣ್ಣ ಮುಂದೆ ಇಂಥ ಸುಳ್ಳು ಅವನಿಗೆ ಸಹಿಸಲಾಗಲಿಲ್ಲ.

“ಅದೆಂಗಾಯ್ತದೆ ಸಾರ್? ನಮ್ ಧಣಿ ಮಣೆ ಹದಿನಾಲ್ಕೂವೆ ಆಪೀಸ್ರು ಬರೋ ಹಿಂದಿನ್ ದಿನಾನೇ ನಾನೇ ಖುದ್ದಾಗಿ ಗಾಡೀಲ್ ಏರ್ಕೊಂಡ್ ಬಂದಿವ್ನಿ. ಒಂದೂ ಬುಟ್ಟಿಲ್ಲ. ಎಣ್ಸಿ ತಂದಿವ್ನಿ.”

ಗುರುಬಸಪ್ಪ ಪೆನ್ನು ನಿಲ್ಲಿಸಿದ. “ಅಂದ್ರ ನಿಮ್ಮ ಧಣಿ ಇವರಿಗೆ ಮಣಿ ಕೊಟ್ಟಿದ್ದು ಖರೆ?”

“ಕೊಟ್ಟಿದ್ರು ಸಾರ್. ಅದನ್ನೇ ಯೋಳ್ತಿರೋದು. ವಾಪಸ್ ತಂದ್ವಿ.”

“ಹದಿನಾಲ್ಕು.”

“ಹದಿನಾಲ್ಕೇ.”

“ಅದು ಹದಿನೈದ್ನೇದು ಸ್ವಾಮಿ,” ಎಂದಳು ಅಕ್ಕಯಮ್ಮ ಮೆಟ್ಟಿಲ ಮೇಲಿಂದ. ಠಾಣೆಗೆ ಬಂದ ಮೇಲೆ ಅವಳು ಆಡಿದ್ದು ಅದೊಂದೇ ಮಾತು.

ಗುರುಬಸಪ್ಪ ಬರೆದ. ಬರೆದದ್ದನ್ನು ಕೆಳಗೆ ಬೈರಣ್ಣನಿಂದಲೇ ರುಜು ಹಾಕಿಸಿದ.

*

ಗಂಗಾಧರಯ್ಯನ ವಕೀಲರು ಕೋರ್ಟಿನಲ್ಲಿ ಸೇತುರಾಮರ ವರದಿಯನ್ನು ಹಾಜರುಪಡಿಸಿದರು. ಮುನಿಲಕ್ಷ್ಮಮ್ಮನ ಪರ ಕಾತ್ಯಾಯಿನಿಯಮ್ಮ ಗೊತ್ತುಮಾಡಿದ ವಕೀಲರು ಬೈರಣ್ಣನ ರುಜು ತೋರಿಸಿದರು. ಮ್ಯಾಜಿಸ್ಟ್ರೇಟರು ಮಣೆಯನ್ನು ಮೇಲೆ ಕೆಳಗೆ ತಿರುಗಿಸಿ, ಬೆರಳಿನಿಂದ ಕೆರೆದು, ಉಗುರಿಗೆ ಹತ್ತಿದ ಇದ್ದಿಲನ್ನು ಕರವಸ್ತ್ರದಲ್ಲಿ ಒರೆಸಿಕೊಂಡರು. ಆರೋಪಿಯು ಫಿರ್ಯಾದುದಾರ ಗಂಗಾಧರಯ್ಯನ ಕೈಕೆಳಗಿನ ಊದುಬತ್ತಿ ಕಾರ್ಮಿಕಳೆಂದೂ, ಸದರಿ ಮಣೆ ಮಾಲೀಕನು ಕೆಲಸಕ್ಕೆಂದು ಒದಗಿಸಿದ ಉಪಕರಣವೆಂದೂ, ಅದನ್ನು ಆಕೆ ಮಾಲೀಕನ ಮೇಲೆಯೇ ಉಪಯೋಗಿಸಿದ್ದು ಕೃತಘ್ನತೆಯ ಪರಮಾವಧಿಯೆಂದೂ ತೀರ್ಪಿನಲ್ಲಿ ಬರೆದರು. ಕಾತ್ಯಾಯಿನಿಯಮ್ಮ ಹಳೆಯ ಅರ್ಜಿಗೆ ಲಗತ್ತಿಸಲು ಆ ತೀರ್ಪಿನ ನಕಲಿಗೆ ಅವತ್ತೇ ಅರ್ಜಿ ಹಾಕಿದರು.

ಗಂಗಾಧರಯ್ಯ ಕೋಲು ಹಿಡಿದು ನಡೆಯತೊಡಗಿದ. ಅಕ್ಕಯಮ್ಮನ ಬಲಗೈ ಮಡಚಿದ್ದು ಮಡಚಿದಂತೆಯೇ ಉಳಿಯಿತು. ಮುನಿಲಕ್ಷ್ಮಮ್ಮನಿಗೆ ಎಂಟು ತಿಂಗಳು ಸಜೆಯಾಯಿತು. ಮಣೆ ಸರ್ಕಾರಕ್ಕೆ ಸೇರಿತು.